ಸರ್ದಾರ್ ಮೇಷ್ಟ್ರ ಸಿಟ್ಟು

ಆರಡಿ ಮೀರಿದ ದೇಹ, ಎದೆಗಿಳಿದ ನರೆಗಡ್ಡ, ನೀಲಿ ಪೇಟ. ಅಷ್ಟು ದೊಡ್ಡ ಮನುಷ್ಯ ಭಾನುವಾರ ಬೆಳಿಗ್ಗೆ ಹೊಸ್ತಿಲಾಚೆ ಕುಕ್ಕರಗಾಲಲ್ಲಿ ಕೂತು, ಒಳಗೆ ಹೋದ ಮಕ್ಕಳ ಚಪ್ಪಲಿಗಳನ್ನು ಒಂದೊಂದಾಗಿ ಒರೆಸಿ ಸಾಲಾಗಿ ಜೋಡಿಸುತ್ತಿದ್ದರು. ಬಚಿತ್ತರ್ ಸಿಂಗರ ಪಾಠಶಾಲೆ ಆರಂಭವಾಗುತ್ತಿದ್ದುದೇ ಆ ಸೇವೆಯಿಂದ.

ಸಾವಿರದ ಒಂಬೈನೂರ ಅರವತ್ತೈದರ ಸುಮಾರು. ರೈಲುದಾರಿಯ ಗುತ್ತಿಗೆ ಹಿಡಿದು ಹಾಸನಕ್ಕೆ ಬಂದಿದ್ದ ನಾಲ್ಕಾರು ಸಿಖ್ ಕುಟುಂಬಗಳ ಮಕ್ಕಳಿಗೆ ಧರ್ಮ, ಗುರುಮುಖಿ ಅಕ್ಷರ, ಕೀರ್ತನೆ ಮರೆತುಹೋಗಬಾರದೆಂದು, ವಾರವೆಲ್ಲ ಲಾರಿ ರಿಪೇರಿ ಮಾಡುತ್ತಿದ್ದ ಈ ಸರ್ದಾರ್ ಮೇಷ್ಟ್ರು ನಮ್ಮ ಬೀದಿಯಲ್ಲಿ ನನ್ನ ದೊಡ್ಡಪ್ಪ ರಾಮಣ್ಣನವರ ಮನೆಯೊಂದನ್ನು ಬಾಡಿಗೆಗೆ ಹಿಡಿದಿದ್ದರು. ಹೈಸ್ಕೂಲಿನಲ್ಲಿ ಅಧ್ಯಾಪಕನಾಗಿದ್ದ ನಾನು ಹಾರ್ಮೋನಿಯಂ ಹುಚ್ಚಿಗೆ ಸೇರಿಕೊಂಡೆ. ರೈಲಿನ ಕೂಲಿಗೆಂದು ಅರಕಲಗೂಡಿನ ಕಡೆಯಿಂದ ಬಂದು ಊರಾಚೆಯ ಕೇರಿಯಲ್ಲಿದ್ದ ಗಂಗಯ್ಯನ ಮಗಳು ಮಾರಮ್ಮನೂ ಬರುತ್ತಿದ್ದಳು. ಹನ್ನೆರಡರ ಹುಡುಗಿ, ಅವಳು ಶಬದ್ ಕೀರ್ತನೆ ಎತ್ತಿಕೊಂಡರೆ ಮೇಷ್ಟ್ರ ತಬಲ ತಾನಾಗಿ ಮೆತ್ತಗಾಗುತ್ತಿತ್ತು. ಅವಳು ಆ ಮನೆಯೊಳಗೆ ಹೋಗುವುದಕ್ಕೆ ನಮ್ಮ ಬೀದಿ ಹೇಗೋ ಕಣ್ಣು ಮುಚ್ಚಿಕೊಂಡಿತ್ತು.

ಮೇಷ್ಟ್ರು ಕನ್ನಡ ಕಲಿತದ್ದು ವರ್ಕ್‌ಶಾಪಿನ ಆಳುಗಳಿಂದ. ಹಾಗಾಗಿ ಬಹುವಚನವೇ ಗೊತ್ತಿಲ್ಲ. ವಕೀಲರಿಗೂ 'ಬಾರ್ಲಾ', ಅಮಲ್ದಾರರಿಗೂ 'ಕೂತ್ಕಳ್ಳಾ'.

ಒಂದು ಭಾನುವಾರ ಅವರು ಮಾರಮ್ಮನ ಚಪ್ಪಲಿ ಎತ್ತಿ ತಿರುಗಿಸಿ ನೋಡಿದರು. ಅಟ್ಟೆಗೆ ಒಂದು ಕಣ ಮಣ್ಣಿಲ್ಲ. ಎಷ್ಟೋ ವಾರಗಳಿಂದ ಹೀಗೆಯೇ ಎಂದು ಅವರಿಗೆ ಆಗ ಹೊಳೆಯಿತು. ಅವಳನ್ನು ಕರೆದು ಕೇಳಿದರು.

"ಕೇರಿ ಬಿಟ್ಟಾಗಿಂದ ಈ ಬಾಗ್ಲುಗಂಟ ಕೈಯಾಗೆ ಇಟ್ಕಂಡ್ ಬತ್ತೀನಿ ಸಾ," ಎಂದಳು. "ಈ ಬೀದೀಲಿ ಮೆಟ್ಕಂಡ್ರೆ ಬೈತಾರೆ."

ಯಾರು ಬೈಯುತ್ತಾರೆಂದು ಅವಳು ಹೇಳಲಿಲ್ಲ. ಮೇಷ್ಟ್ರು ನನ್ನತ್ತ ನೋಡಿದರು. ನಾನು ಹಾರ್ಮೋನಿಯಮ್ಮಿನ ತಿದಿ ಸರಿಮಾಡುವವನಂತೆ ಬಗ್ಗಿದೆ. ಅದನ್ನು ನೆನೆದರೆ ನನ್ನ ಮೇಲೆ ನನಗೇ ಇಂದಿಗೂ ಮೈ ಉರಿಯುತ್ತದೆ.

ಮುಂದಿನ ವಾರ ಅವರು ಬೀದಿಯ ತುದಿಗೇ ಹೋಗಿ ಕಾದು, ಮೊಣಕಾಲೂರಿ ತಮ್ಮ ಕೈಯಾರೆ ಅವಳ ಕಾಲಿಗೆ ಚಪ್ಪಲಿ ತೊಡಿಸಿ, ಅವಳ ಹಿಂದೆಯೇ ನಡೆದು ಬಂದರು. ದೊಡ್ಡಪ್ಪ ಜಗಲಿಯಿಂದಿಳಿದು ಅಡ್ಡ ನಿಂತರು. ಅವಳು ಬರಿಗಾಲಲ್ಲಿ ಬರಬೇಕು, ಇಲ್ಲವೇ ಮನೆ ಖಾಲಿ ಮಾಡಬೇಕು ಎಂದರು.

ಮೇಷ್ಟ್ರು ದನಿ ಎತ್ತಲಿಲ್ಲ. "ಮೆಟ್ಟು ಬಿಡಾದು ದೇವ್ರ ಮುಂದೆ ಕಣ್ಲಾ ರಾಮಣ್ಣ. ನಿನ್ ಮುಂದಲ್ಲ."

ಒಬ್ಬಳಿಗಾಗಿ ನಮ್ಮ ಮಕ್ಕಳ ಶಾಲೆ ಹಾಳಾಗಬೇಕೇ ಎಂದು ಗುತ್ತಿಗೆದಾರರು ಅಂಗಲಾಚಿದರು. ಅವಳನ್ನು ಬಿಟ್ಟು ಉಳಿಯುವ ಶಾಲೆಯಲ್ಲಿ ತಾನು ಏನು ಕಲಿಸಲಿ ಎಂದು ಕೇಳಿ, ಮೇಷ್ಟ್ರು ಅಂದೇ ತಬಲ, ಹಾರ್ಮೋನಿಯಂ, ಚಾಪೆಗಳನ್ನು ಲಾರಿ ಶೆಡ್ಡಿಗೆ ಹೊತ್ತರು. ಅರ್ಧ ಮಕ್ಕಳು ಅಲ್ಲಿಗೆ ಬರಲಿಲ್ಲ. ಮಾರಮ್ಮ ಬಂದಳು. ಡೀಸೆಲ್ ವಾಸನೆಯ ನಡುವೆ ಕೂತು ಹಾಡಿದಳು. ನಾನು ಹೋಗಲಿಲ್ಲ. ಹಿರಿಯರ ಮರ್ಯಾದೆ ಎಂದು ಅದಕ್ಕೆ ಹೆಸರು ಕೊಟ್ಟುಕೊಂಡೆ, ಅದು ಹೇಡಿತನ.

ದೂರದಿಂದ ಬಂದು, ನಾವು ಹುಟ್ಟಿದಾಗಿನಿಂದ ಕಂಡೂ ಕಾಣದ್ದನ್ನು ಒಂದೇ ನೋಟಕ್ಕೆ ಕಂಡು ಕೆರಳುವ ಇಂಥವರನ್ನು ನಾವು ಸಾಯುವವರೆಗೆ ಪರದೇಶಿಗಳೆಂದು ದೂರವಿಟ್ಟು, ಸತ್ತ ಮೇಲೆ ಶಾಂತಮೂರ್ತಿಗಳೆಂದು ಹೊಗಳುತ್ತೇವೆ. ಶಾಂತಿಯೆಲ್ಲಿ ಬಂತು? ಇಂಥವರಲ್ಲಿ ಕಲಿಯಬೇಕಾದದ್ದು ಸಿಟ್ಟನ್ನು. ನಾನು ಕಲಿತದ್ದು ಹಾಡನ್ನು ಮಾತ್ರ.