ತಟ್ಟಿದರೆ ತಟ್ಟಬೇಕು

ಸಭೆಯಿಂದ ಜಾರಿಕೊಳ್ಳುವುದರಲ್ಲಿ ನಮ್ಮ ವಾರ್ಡಿನ ಮೆಂಬರ್ ಸೆಲ್ವರಾಜನಿಗೆ ಸಮ ಯಾರೂ ಇರಲಿಲ್ಲ. ಪ್ರಶ್ನೆ ಬಂದ ಕೂಡಲೇ ಫೋನ್ ಕಿವಿಗಿಟ್ಟು ಹೊರಗೆ ಹೋಗುವನು, ಆಮೇಲೆ ಗಾಡಿಯ ಸದ್ದು ಮಾತ್ರ. ಈ ಸಲ ಬಿಡಬಾರದೆಂದು ನಾನು ಬಂಗಾರಪೇಟೆಯ ಕೂಲಿ ಬಿಟ್ಟು ಬಂದು ಮುಂದೆಯೇ ಕೂತಿದ್ದೆ. ಕೋರಮಂಡಲ್ ಲೈನಿನ, ಗಣಿ ಕೆಲಸದವರಿಗೆಂದು ಕಟ್ಟಿದ ನಮ್ಮ ಸಾಲುಮನೆಗಳಿಗೆ ಬೇಸಿಗೆ ಪೂರ್ತಿ ನಲ್ಲಿ ನೀರಿಲ್ಲ. ಬೋರ್‌ವೆಲ್ ಮೋಟಾರ್ ಕೆಟ್ಟಿದೆ, ರಿಪೇರಿ ಮಾಡಿಸುವುದಿಲ್ಲ. ನೀರು ಮಾರುವ ಚಿರಂಜೀವಿಯ ಟ್ಯಾಂಕರ್ ಮಾತ್ರ ಬರುತ್ತದೆ, ಕಾಸಿಗೆ.

ಸಭೆ ನಡೆದದ್ದು ಊರಿಗಾಂನ ಹಳೆಯ ಗಣಿ ಕಂಪನಿ ಕಟ್ಟಡದಲ್ಲಿ, ಮಟಮಟ ಮಧ್ಯಾಹ್ನ. ಹಲಗೆ ಹಾಸಿದ ನೆಲ. ಅದರಡಿ ಎಲ್ಲೋ ಆಳದಲ್ಲಿ ಮುಚ್ಚಿದ ಗಣಿ, ಅದರ ತುಂಬ ನೀರು.

“ಮೋಟಾರ್ ಯಾಕೆ ರಿಪೇರಿ ಆಗ್ತಿಲ್ಲ, ಮೆಂಬರ್ ಸಾರ್?” ಎಂದೆ.

“ಫಂಡ್ ಇಲ್ಲ ಮುನಿರಾಜಣ್ಣ.”

“ಎಲೆಕ್ಷನ್‌ಗೆ ದುಡ್ಡಿತ್ತಲ್ಲ? ಅದ್ಯಾರು ಕೊಟ್ರು ಹೇಳು.”

“ಅಭಿಮಾನಿಗಳು.”

ಪಕ್ಕದ ಮನೆಯ ಮಾರಿಯಮ್ಮ ಬಾಯಿಗೆ ಸೆರಗು ಹಿಡಿದಳು. “ಅಯ್ಯೋ ನಮ್ಮಪ್ಪ! ಆ ಅಭಿಮಾನಿಗೆ ಆರು ಚಕ್ರ, ಇಂದ್ಗಡೆ ಒಂದು ನಲ್ಲಿ ಐತೇನೋ?”

ಎಲ್ಲರೂ ಗೊಳ್ಳೆಂದರು. ಸೆಲ್ವರಾಜ್ ಫೋನ್ ತೆಗೆದ. ಆಗಲೇ ನೆಲದಡಿಯಿಂದ ಸದ್ದು ಬಂತು. ಟಕ್. ಟಕ್. ಟಕ್. ಕಲ್ಲಿನ ಮೇಲೆ ಕಬ್ಬಿಣ ಬಡಿದ ಹಾಗೆ.

ನಗು ನಿಂತಿತು. ಗಣಿಯವರ ಮಕ್ಕಳಿಗೆ ಆ ಸದ್ದು ಗೊತ್ತು. ಕುಸಿದ ಕಲ್ಲಿನ ಆಚೆ ಸಿಕ್ಕಿಕೊಂಡವನು ತಟ್ಟುತ್ತಾನೆ. ಕೇಳಿಸಿಕೊಂಡವನು ತಿರುಗಿ ತಟ್ಟಬೇಕು. ತಟ್ಟಿದ ಮೇಲೆ, ಆಚೆಯವನು ಹೊರಗೆ ಬರುವ ತನಕ ಜಾಗ ಬಿಟ್ಟು ಕದಲಬಾರದು. ನಮ್ಮ ಲೈನುಗಳಲ್ಲಿ ಇದನ್ನು ಮಕ್ಕಳಿಗೆ ಆಟದಲ್ಲೇ ಕಲಿಸುತ್ತಿದ್ದರು. ಸೆಲ್ವರಾಜನ ಅಪ್ಪನೂ ಗಣಿಯವನೇ.

ಸೆಲ್ವರಾಜನ ಕೈ ಅವನನ್ನು ಕೇಳಲಿಲ್ಲ. ಮೇಜಿನ ಮೇಲೆ ಟಕ್ ಟಕ್ ಟಕ್ ಎಂದು ಉತ್ತರ ಕೊಟ್ಟುಬಿಟ್ಟಿತು.

ಹಿಂದಿನಿಂದ ಕೋದಂಡಪ್ಪ, ಗಣಿಯಲ್ಲಿ ದುಡಿದ ಮುದುಕ, ಮೆಲ್ಲಗೆ ಹೇಳಿದ: “ತಟ್ಬಿಟ್ಟೆ ಕಣ್ಲಾ ಸೆಲ್ವ. ಇನ್ನು ಓಗಂಗಿಲ್ಲ.”

“ಇಲಿ ಇರ್ಬೇಕು ತಾತ,” ಎಂದು ಸೆಲ್ವರಾಜ್ ಎದ್ದ.

ಬಾಗಿಲು ತೆರೆದೇ ಇತ್ತು. ಯಾರೂ ಅಡ್ಡ ನಿಂತಿರಲಿಲ್ಲ. ಅವನು ಹೆಜ್ಜೆ ಇಟ್ಟ ಕಡೆಯೇ, ಕಾಲಡಿಯಲ್ಲೇ, ಟಕ್. ಮುಂದಿನ ಹೆಜ್ಜೆಗೂ ಟಕ್. ಹಲಗೆ ಅದುರಿದ್ದನ್ನು ನಾನು ಕಣ್ಣಾರೆ ನೋಡಿದೆ. ಹೊಸ್ತಿಲ ಹತ್ತಿರ ಸಂದಿಯಿಂದ ನೀರು ಜಿನುಗಿ ಅವನ ಚಪ್ಪಲಿ ಮುಟ್ಟಿತು. ಅವನು ವಾಪಸ್ ಬಂದು ಕೂತ.

“ಚಿರಂಜೀವಿ ಕೊಟ್ಟ,” ಎಂದ. ನನಗಲ್ಲ, ನೆಲಕ್ಕೆ. “ಎಲೆಕ್ಷನ್ ಖರ್ಚೆಲ್ಲ ಅವನ್ದೇ. ಮೋಟಾರ್ ಮುಟ್ಬೇಡ ಅಂದಿದ್ದ.”

ಬಡಿತ ನಿಂತಿತು. ನನಗೆ ಬೇಕಾದ ಮಾತು ಸಿಕ್ಕಿತ್ತು. ಸೆಲ್ವರಾಜ್ ಅಲ್ಲಿಂದಲೇ ಮೆಕ್ಯಾನಿಕ್ ಗಿರಿಗೆ ಫೋನ್ ಮಾಡಿದ. ಮೊದಲ ಸಲ ಆ ಫೋನಿನಲ್ಲಿ ನಿಜವಾಗಿ ಯಾರೋ ಇದ್ದರು.

ಸಂಜೆಗೆ ನಲ್ಲಿಯಲ್ಲಿ ನೀರು ಬಂತು. ಮಾರಿಯಮ್ಮ ಕೊಡ ಇಟ್ಟಳು. ಸೆಲ್ವರಾಜ್ ಮಾತ್ರ ಕಟ್ಟಡದಿಂದ ಬಂದಿಲ್ಲ ಎಂದರು. ಕರೆಯಲು ಹೋದೆ. ಅವನು ಹಲಗೆಗೆ ಕಿವಿ ಒತ್ತಿ ಮಲಗಿದ್ದ.

“ಏಳಯ್ಯ, ನೀರು ಬಂತು.”

“ನಿಮ್ಗೆ ಬಂತಣ್ಣ,” ಎಂದ, ಕಿವಿ ತೆಗೆಯದೆ. “ಕೆಳಗೆ ತಟ್ಟಿದವ್ರು ಇನ್ನೂ ಆಚೆ ಬಂದಿಲ್ಲ.”