ಚಾರ್ಜರ್ ಪಕ್ಕದ ನೆರಳು

ಬೆಳಗಿನ ಸುತ್ತು ಮುಗಿಸಿ ಬಂದ ಹಾರ್ನಕ್ಕ ಕಸದ ಗಾಡಿಯನ್ನು ಗೋಡೆಯ ಪಕ್ಕ, ಉರಿಬಿಸಿಲಿನಲ್ಲಿ ನಿಲ್ಲಿಸಿದಳು. ಸೀಟಿನ ಕೆಳಗಿನಿಂದ ಉದ್ದನೆಯ ವೈರ್ ತೆಗೆದು, ಅಂಗಳಕ್ಕೆ ಅಡ್ಡಲಾಗಿ ಎಳೆದುಕೊಂಡು ಹೋಗಿ, ಸೋಲಾರ್ ಚಾವಣಿಯ ಕಂಬದಲ್ಲಿದ್ದ ಚಾರ್ಜರಿಗೆ ಸಿಕ್ಕಿಸಿದಳು. ಚಾವಣಿಯ ಕೆಳಗೆ ತಣ್ಣಗೆ ನಿಂತಿದ್ದವು ಅಧಿಕಾರಿಗಳ ಕಾರುಗಳು. ಎಲ್ಲವೂ ಡೀಸೆಲ್ ಕುಡಿಯುವಂಥವು. ಚಾರ್ಜರಿಗೂ ಅವಕ್ಕೂ ಯಾವ ಜನ್ಮದ ನಂಟೂ ಇರಲಿಲ್ಲ.

ನಗರಸಭೆ ಆ ಚಾವಣಿ ಕಟ್ಟಿಸಿದ್ದು ಹೊಸ ಬ್ಯಾಟರಿ ಗಾಡಿಗಳಿಗೆಂದೇ. ಆದರೆ ಕಂಬದ ಬಣ್ಣ ಒಣಗುವ ಮೊದಲೇ ಅಂಗಳದ ಮೇಲ್ವಿಚಾರಕ ಕಾರುಗಳನ್ನು ಕೈಬೀಸಿ ಒಳಗೆ ಕರೆದಿದ್ದ. ಯಾರೂ ಹೇಳಿರಲಿಲ್ಲ. ದೊಡ್ಡವರ ಕಾರು ಬಿಸಿಲಲ್ಲಿ ನಿಂತರೆ ಅವನಿಗೇ ಬೆವರು ಕಿತ್ತುಬರುತ್ತಿತ್ತು. ನೌಕರಿಯುದ್ದಕ್ಕೂ ಬೆಳೆಸಿಕೊಂಡ ಚಟ ಅದು. ಸಿಗರೇಟನ್ನಾದರೂ ಬಿಡಬಹುದು, ಇದನ್ನು ಬಿಡುವುದು ಕಷ್ಟ.

"ಅಣ್ಣಾ, ನನ್ನ ಗಾಡಿಗೂ ಒಳಗೆ ಒಂಚೂರು ಜಾಗ ಕೊಡಿ. ಬಿಸಿಲಿಗೆ ಬ್ಯಾಟರಿನೂ ಕುದಿಯುತ್ತೆ, ನಾನೂ ಕುದೀತೀನಿ" ಎಂದಳು ಹಾರ್ನಕ್ಕ, ಮೇಲ್ವಿಚಾರಕನಿಗೆ.

"ಕಸದ ಗಾಡಿ ಪಕ್ಕ ಮೇಡಂ ಕಾರು ನಿಲ್ಲಿಸೋಕಾಗುತ್ತಾ?" ಎಂದ ಮುಖ್ಯಾಧಿಕಾರಿಯ ಡ್ರೈವರ್, ಗಾಜು ಒರೆಸುತ್ತ. "ವಾಸನೆ ಬಂದ್ರೆ ಬೈಸಿಕೊಳ್ಳೋನು ನಾನು. ಕಾರು ಕಾದಿದ್ರೂ ನಾನೇ. ನಿಂಗೇನು?"

ಅವನ ಮಾತಿನಲ್ಲೂ ಸುಳ್ಳಿರಲಿಲ್ಲ. "ಆಮೇಲೆ ನೋಡೋಣ" ಎಂದ ಮೇಲ್ವಿಚಾರಕ. ಆ ಅಂಗಳದಲ್ಲಿ ಹಾಗೆಂದರೆ ನೋಡುವುದಿಲ್ಲ ಎಂದೇ ಲೆಕ್ಕ.

ತಿರುವು ತಿರುವಿಗೂ ಹಾರ್ನ್ ಹೊಡೆದು ಹೊಡೆದು ಅವಳಿಗೆ ಆ ಹೆಸರು ಬಂದಿತ್ತು. ಬೀದಿ ಗುಡಿಸಿ ಸೊಂಟ ಹಿಡಿದುಹೋಗಿದ್ದ ಹೆಂಗಸು, ತಲೆಗೂದಲು ನೆರೆತ ಮೇಲೆ ಡ್ರೈವಿಂಗ್ ಕಲಿತಿದ್ದಳು. ಒಮ್ಮೆ ಚಾರ್ಜ್ ಮುಗಿದು ಗಾಡಿ ದಾರಿಯಲ್ಲಿ ನಿಂತಿತ್ತು. ಇನ್ನೊಮ್ಮೆ ನಿಂತರೆ ಗಾಡಿ ಬೇರೆಯವರಿಗೆ, ನಿನಗೆ ಮತ್ತೆ ಪೊರಕೆ ಎಂದು ಕಚೇರಿ ಎಚ್ಚರಿಸಿತ್ತು. ಕಾರುಗಳು ಓಡಾಡಿದಾಗಲೆಲ್ಲ ವೈರ್ ಕಿತ್ತು, ದಾರಿ ಬಿಟ್ಟು, ಮತ್ತೆ ಸಿಕ್ಕಿಸಬೇಕಿತ್ತು. ಅದಕ್ಕೇ ಅವಳು ಊಟವನ್ನೂ ಬಿಟ್ಟು, ಒದ್ದೆ ಗೋಣಿ ಹಾಸಿದ ಸೀಟಿನಲ್ಲೇ ಕಾವಲು ಕೂರುತ್ತಿದ್ದಳು.

ಅಂದು ಅವಳು ನೀರು ಕುಡಿಯಲು ಹೋದಾಗ ಮುಖ್ಯಾಧಿಕಾರಿಯ ಕಾರು ಹೊರಟಿತು. ಮೇಲ್ವಿಚಾರಕ ಓಡಿಬಂದು ವೈರ್ ಕಿತ್ತು ಕಂಬದ ಬುಡಕ್ಕೆ ಹಾಕಿ, ಸಲಾಮು ಹೊಡೆದ. ಅಷ್ಟರಲ್ಲಿ ಇನ್ನೊಂದು ಕಾರು ಬಂತು, ಅದಕ್ಕೂ ಸಲಾಮು. ಈ ಗಡಿಬಿಡಿಯಲ್ಲಿ ವೈರ್ ಸಿಕ್ಕಿಸುವುದು ಮರೆತೇಹೋಯಿತು. ಕಾರುಗಳ ಮರೆಯಲ್ಲಿ ವೈರ್ ಬಿದ್ದಿರುವುದು ಹಾರ್ನಕ್ಕನಿಗೆ ಗೊತ್ತಾದದ್ದು ಹೊರಡುವ ಹೊತ್ತಿಗೆ. ಕಾಯುತ್ತ ಕೂತರೆ ಸುತ್ತು ತಪ್ಪುತ್ತದೆ ಎಂದು ಅರೆಬರೆ ಚಾರ್ಜಿನಲ್ಲೇ ಹೊರಟಳು.

ಸಂಜೆ ಏರುರಸ್ತೆಯ ನಡುವೆ ಗಾಡಿ ನಿಂತಿತು. ಗಾಡಿ ತುಂಬ ಕಸ, ಹಿಂದೆ ವಾಹನಗಳ ಸಾಲು, ಬಾಯಿಗೆ ಬಂದಂತೆ ಬೈಗುಳ. ಗಾಡಿಯನ್ನು ಎಳೆಸಿಕೊಂಡು ಬಂದ ಹಾರ್ನಕ್ಕ ಕೀಲಿಯನ್ನು ಮೇಲ್ವಿಚಾರಕನ ಮೇಜಿನ ಮೇಲಿಟ್ಟಳು. "ಹೇಗೂ ನಾಳೆ ಕೇಳ್ತಾರೆ. ಇವತ್ತೇ ಕೊಟ್ಟುಬಿಡ್ತೀನಿ" ಎಂದಳು.

ರಾತ್ರಿ ಮನೆಯಲ್ಲಿ ಮೇಲ್ವಿಚಾರಕ ಊಟವನ್ನು ಅರ್ಧಕ್ಕೇ ಬಿಟ್ಟೆದ್ದ. ಬಟ್ಟೆ ಮಡಚುತ್ತಿದ್ದ ಹೆಂಡತಿಗೆ ಎಲ್ಲವನ್ನೂ ಹೇಳಿದ.

"ಕಾರು ನೆರಳಲ್ಲಿ ನಿಲ್ಲಿಸಿ ಅಂತ ಮೇಡಂ ಹೇಳಿದ್ರಾ?"

"ಇಲ್ಲ."

"ಮತ್ತೆ ನಿಮಗೇನು ಕನಸು ಬಿತ್ತಾ? ನಾನು ಛತ್ರಿ ತನ್ನಿ ಅಂತ ಬಾಯಿ ಬಡ್ಕೊಂಡು ವರ್ಷ ಆಯ್ತು. ಕಾರಿಗೆ ಮಾತ್ರ ಬಿಸಿಲು ತಾಗುತ್ತಾ?"

ಅವನು ನಗಲು ನೋಡಿದ, ಆಗಲಿಲ್ಲ. "ಕಿತ್ತಿದ್ದು ನಾನು ಅಂದ್ರೆ ನನ್ನ ತಲೆಗೇ ಬರುತ್ತೆ ಕಣೇ."

"ಈಗ ಯಾರ ತಲೆಗೆ ಬಂದಿದೆ?" ಎಂದು ಅವಳು ಮಡಚಿದ ಬಟ್ಟೆಗಳನ್ನು ಎತ್ತಿಕೊಂಡು ಒಳಗೆ ಹೋದಳು. ಅವನಿಗೆ ನಿಜವಾಗಿಯೂ ನಾಚಿಕೆಯಾಯಿತು.

ಮರುದಿನ ಮುಖ್ಯಾಧಿಕಾರಿಯ ಕೋಣೆಯಲ್ಲಿ ಹಾರ್ನಕ್ಕ ತಲೆತಗ್ಗಿಸಿ ನಿಂತಿದ್ದಳು. ಮೇಲ್ವಿಚಾರಕ ಕರೆಯದಿದ್ದರೂ ಒಳಗೆ ಹೋದ.

"ವೈರ್ ಕಿತ್ತಿದ್ದು ನಾನು ಮೇಡಂ. ನಿಮ್ಮ ಕಾರಿಗೆ ದಾರಿ ಬಿಡೋಕೆ. ಮತ್ತೆ ಸಿಕ್ಕಿಸೋದು ಮರೆತೆ."

"ನನ್ನ ಕಾರಿಗೆ ಚಾರ್ಜರ್ ಹತ್ತಿರ ಏನು ಕೆಲಸ?"

"ಏನೂ ಇಲ್ಲ. ನಾನೇ ಅಲ್ಲಿ ನಿಲ್ಲಿಸಿದ್ದು. ಯಾರೂ ಹೇಳಿರಲಿಲ್ಲ."

ಮುಖ್ಯಾಧಿಕಾರಿಗೆ ಸಿಟ್ಟು ಬಂದದ್ದು ಮುಖದಲ್ಲೇ ಕಂಡಿತು. ಯಾರ ಮೇಲೆ ಎಂಬುದು ಮಾತ್ರ ತಿಳಿಯಲಿಲ್ಲ. "ಕಾರು ತಣ್ಣಗಿತ್ತು, ನಾನೂ ಕೇಳಲಿಲ್ಲ" ಎಂದರು ಕೊನೆಗೆ. "ಕಾರುಗಳು ಇವತ್ತೇ ಗೋಡೆ ಪಕ್ಕ ಹೋಗಲಿ. ಗಾಡಿ ತೊಳೆದೇ ಒಳಗೆ ಬರಬೇಕು. ಕೀಲಿ ಇವರಿಗೇ ಕೊಡಿ. ನಿಮಗೆ ನೋಟಿಸ್ ಬರುತ್ತೆ."

"ಬರಲಿ ಮೇಡಂ" ಎಂದ. ಹೆದರಿಕೆ ಇತ್ತು, ಆದರೂ ಎದೆ ಹಗುರಾಗಿತ್ತು.

ಮಧ್ಯಾಹ್ನ ತೊಳೆದ ಗಾಡಿ ಚಾವಣಿಯ ಕೆಳಗೆ ಬಂತು. ಹಾರ್ನಕ್ಕ ಚಾರ್ಜರ್ ಸಿಕ್ಕಿಸಿ, ಮತ್ತೆ ಸೀಟಿನಲ್ಲೇ ಕೂತಳು.

"ಊಟಕ್ಕೆ ಹೋಗಮ್ಮ. ಇನ್ನು ಯಾರೂ ಕೀಳಲ್ಲ."

"ನಿನ್ನೆ ಕಿತ್ತವರು ನೀವೇ ಅಲ್ವಾ ಅಣ್ಣಾ?" ಅವಳ ದನಿಯಲ್ಲಿ ಕೋಪವಿರಲಿಲ್ಲ. ನಂಬಿಕೆಯೂ ಇರಲಿಲ್ಲ.

ಮೇಲ್ವಿಚಾರಕನಿಗೆ ಚುರುಕ್ಕೆಂದಿತು. ತನ್ನ ಕೋಣೆಯಿಂದ ಕುರ್ಚಿ ಎತ್ತಿಕೊಂಡು ಬಂದು, ಚಾರ್ಜರಿನ ಕಂಬಕ್ಕೆ ಒತ್ತಿ ಹಾಕಿ ಕೂತ. ಹಾರ್ನಕ್ಕ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಊಟದ ಡಬ್ಬಿ ಹಿಡಿದು ಇಳಿದು ಹೋದಳು.

ಮುಖ್ಯಾಧಿಕಾರಿಯ ಕಾರು ಗೇಟಿನೊಳಗೆ ಬಂದು, ಹಳೆಯ ಅಭ್ಯಾಸದಂತೆ ಚಾವಣಿಯತ್ತ ತಿರುಗಿತು. ಮೇಲ್ವಿಚಾರಕ ಕೂತಲ್ಲಿಂದಲೇ ಗೋಡೆಯ ಕಡೆ ಕೈ ತೋರಿಸಿದ.

ಡ್ರೈವರ್ ಕಿಟಕಿಯಿಂದ ತಲೆ ಹೊರಹಾಕಿದ. "ಅಲ್ಲಿ ಬಿಸಿಲಿದೆಯಲ್ರೀ!"

"ಹೌದು" ಎಂದ ಮೇಲ್ವಿಚಾರಕ. "ಮೊದಲಿಂದಲೂ ಇತ್ತು."