ಖಾಲಿ ಕುಂಡಕ್ಕೆ ನೀರು

ಚಳಿ ಬಿತ್ತೆಂದರೆ ಆ ಮನೆಯ ಬಾಲ್ಕನಿಯಲ್ಲಿ ಸೇವಂತಿಗೆಗಳದ್ದೇ ದರ್ಬಾರು. ಅವುಗಳ ನಡುವಿನ ಒಂದು ಕುಂಡದಲ್ಲಿ ಮಾತ್ರ ಬರೀ ಮಣ್ಣು. ಅದರೊಳಗೆ ಕೆಂಪು ಲಿಲ್ಲಿಯ ಗೆಡ್ಡೆ ಮಲಗಿತ್ತು. ಮನೆಯೊಡತಿ ಹೊಲಿಗೆಯಮ್ಮನಿಗೆ ಅವಳ ಅಕ್ಕ ತೀರಿಕೊಳ್ಳುವ ಮುಂಚೆ ಕೈಯಾರೆ ಕೊಟ್ಟದ್ದು. ಅಕ್ಕನದೆಂದು ಉಳಿದಿದ್ದು ಅದೊಂದೇ. "ಚಳಿಗಾಲ ಪೂರ್ತಿ ನೀರು ಹಾಕ್ಬೇಡ ಕಣೇ, ನಿದ್ದೆ ಕೆಟ್ರೆ ಕೊಳೆತುಹೋಗತ್ತೆ" ಎಂದಿದ್ದಳು.

ಹೊಲಿಗೆಯಮ್ಮ ಆ ಮಾತು ಮರೆತಿರಲಿಲ್ಲ. ಮರೆತವರು ಅವಳ ಯಜಮಾನರು. ಜೀವಮಾನವಿಡೀ ಊರವರ ಗಡಿಯಾರ ರಿಪೇರಿ ಮಾಡಿದವರಿಗೆ ಈಗ ಬೆಳಿಗ್ಗೆ ಯಾವುದು, ಸಂಜೆ ಯಾವುದು ಎಂಬುದೇ ಆಗಾಗ ಕಲಸಿಹೋಗುತ್ತಿತ್ತು. ನೀರಿನ ಜಗ್ಗನ್ನು ಮಾತ್ರ ಕೈಬಿಡರು.

"ರೀ, ಅದಕ್ಕೆ ಬೇಡ ಅಂದಿದ್ನಲ್ಲ."

"ಈಗಿನ್ನೂ ಮೊದಲನೇ ಸಲ ಹಾಕ್ತಿರೋದು."

"ಈ ಮೊದಲನೇ ಸಲ ಬೆಳಿಗ್ಗೆಯಿಂದ ಎಷ್ಟು ಸಲ ಆಯ್ತೋ."

ಅವರು ನಕ್ಕುಬಿಟ್ಟರು. ಆ ಕೈಗಳಿಗೆ ಉಳಿದಿದ್ದ ಕೆಲಸ ಅದೊಂದೇ. ಅದನ್ನೂ ಕಿತ್ತುಕೊಳ್ಳಲು ಅವಳಿಗೆ ಮನಸ್ಸು ಬರಲಿಲ್ಲ. ಒಂದು ಮಧ್ಯಾಹ್ನ ಅವರು ತೂಕಡಿಸುತ್ತಿದ್ದಾಗ, ಹಳೆಯ ಕತ್ತರಿಯ ತುದಿಯಿಂದ ಮಣ್ಣು ಸಡಿಲಿಸಿ ಗೆಡ್ಡೆಯನ್ನು ತೆಗೆದು, ಬಟ್ಟೆಯ ಚೂರಿನಲ್ಲಿ ಒರೆಸಿ, ಜೋಪಾನವಾಗಿ ಎತ್ತಿಟ್ಟಳು.

ಅಲ್ಲಿಂದ ಮುಂದೆ ಅವರು ಖಾಲಿ ಕುಂಡಕ್ಕೆ ನೀರೆರೆದರು. ಅವರು ಜಗ್ಗು ಹಿಡಿದು ಹೊರಟರೆ ಇವಳು ಹೊಲಿಗೆ ಮಷೀನು ನಿಲ್ಲಿಸಿ, ಬಗ್ಗಿದ ಬೆನ್ನು ನೆಟ್ಟಗೆ ಮಾಡಿ ನೋಡುತ್ತ ಕೂರುವಳು. ಓರೆ ಬಿಸಿಲು, ಅವರ ಉಸಿರಿನ ಹಬೆ, ಮಲಗಿದ ಮಗುವಿಗೆ ಹೊದಿಸುವಂತೆ ಬಾಗಿದ ಆ ಮೈ. ನೋಡುನೋಡುತ್ತ ಆ ಬರೀ ಮಣ್ಣಿನಲ್ಲೂ ಏನೋ ಉಸಿರಾಡಿದಂತೆ ಅನ್ನಿಸುತ್ತಿತ್ತು.

ಚಳಿ ತೆಳ್ಳಗಾಯಿತು. ಸೇವಂತಿಗೆ ಒಣಗಿತು. ಗೆಡ್ಡೆಯನ್ನು ಮತ್ತೆ ನೆಡುವ ಹೊತ್ತು ಬಂತು. ಎಲ್ಲಿಟ್ಟೆ? ಬಟ್ಟೆಯ ಗಂಟು, ಬೀರು, ಚಪ್ಪಲಿ ಗೂಡು, ಎಲ್ಲ ಜಾಲಾಡಿದಳು. ಎಲ್ಲೂ ಇಲ್ಲ. ಅಕ್ಕನ ಹೂವು ಹೋಯಿತು, ಸರಿ; ಇನ್ನು ಮರೆಯಲು ನನ್ನ ಸರದಿಯೂ ಬಂತೇ? ಇಬ್ಬರೂ ಮರೆತು ಕೂತರೆ ಈ ಮನೆಯ ಗತಿ? ಅವರನ್ನೇ ಕೇಳೋಣವೆಂದರೆ, ಚಳಿಗಾಲವಿಡೀ ನೀವು ಪೊಳ್ಳು ಕೆಲಸ ಮಾಡಿದಿರಿ ಎಂದು ಬಾಯಿಬಿಡಬೇಕಲ್ಲ.

ಕೊನೆಗೆ ಬೇರೆ ದಾರಿ ಕಾಣದೆ ಬಾಯಿಬಿಟ್ಟಳು. "ರೀ, ಆ ಗೆಡ್ಡೆ ನಾನೇ ತೆಗೆದಿಟ್ಟಿದ್ದೆ. ಎಲ್ಲಿ ಅಂತ ನೆನಪಾಗ್ತಿಲ್ಲ."

"ಹಳೇ ಗುಂಡಿ ಡಬ್ಬೀಲಿತ್ತು" ಎಂದರು ಅವರು, ನೆತ್ತಿ ಕೆರೆಯುತ್ತ. "ಅಂಗಿಗೆ ಗುಂಡಿ ಹುಡುಕ್ತಿದ್ದಾಗ ಸಿಕ್ತು. ಕತ್ತಲಲ್ಲೇ ಮೊಳಕೆ ಒಡೆದಿತ್ತು, ಪಾಪ. ಕುಂಡದಲ್ಲಿ ಇಟ್ಟಿದ್ದೀನಿ."

ಅವಳು ಬಾಲ್ಕನಿಗೆ ಓಡಿದಳು. ಮಣ್ಣಿನಿಂದ ತಿಳಿಹಸಿರು ಮೂತಿಯೊಂದು ಇಣುಕುತ್ತಿತ್ತು.

"ಹಾಗಾದ್ರೆ ಕುಂಡ ಖಾಲಿ ಅಂತ ಗೊತ್ತಿತ್ತಾ ನಿಮಗೆ?"

"ನೀನು ಮಣ್ಣು ಕೆದಕಿದ್ದು ನಂಗೆ ಕಾಣಲ್ವಾ? ಅದೊಂದು ಹೇಗೋ ನೆನಪಲ್ಲಿ ಉಳೀತು."

"ಮತ್ತೆ ನೀರು ಯಾಕೆ ಹಾಕ್ತಿದ್ರಿ?"

"ಆಗ ಮಾತ್ರ ನೀನು ಮಷೀನು ನಿಲ್ಲಿಸ್ತಿದ್ದೆ. ಇಲ್ಲದಿದ್ರೆ ಆ ಬೆನ್ನಿಗೆ ಬಿಡುವು ಎಲ್ಲಿತ್ತು?"

ಅವಳು ಒಳಗೆ ಹೋಗಿ ಜಗ್ಗು ತುಂಬಿಸಿ ತಂದು ಅವರ ಕೈಗಿತ್ತಳು.

"ಹಾಕಿ. ಇವತ್ತು ಇದು ಮೊದಲನೇ ಸಲ."